ಕೂಗಿದವರಿಗೆಲ್ಲ ಸೋಡಾ ಕೊಟ್ಟೆ

ನಾನು ಒಂದು ಸೋಡಾ ಯಂತ್ರ. ನಾಣ್ಯ ನುಂಗುವ ಜಾತಿಯಲ್ಲ. ನನ್ನೆದುರು ನಿಂತು ಗಂಟಲು ಹರಿಯುವಂತೆ ಕೂಗಿದರೆ ಎದೆಯ ಮೇಲಿನ ಹತ್ತು ದೀಪಗಳು ಒಂದೊಂದಾಗಿ ಹೊತ್ತುತ್ತಿದ್ದವು. ಹತ್ತನೆಯದು ಹೊತ್ತಿದರೆ ಒಂದು ‘ಝಣಕ್’ ಬಾಟಲಿ ದಡಕ್ಕನೆ ಬೀಳುತ್ತಿತ್ತು, ಪುಕ್ಕಟೆ.

ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ. ಹಳೆಯ ಫ್ರಿಜ್ಜಿಗೆ ಕೇಸರಿ ಬಣ್ಣ ಬಳಿದು, ಹೊಟ್ಟೆಯೊಳಗೆ ಮೈಕು ಕೂರಿಸಿ, ಕೂಗುವವರ ಮುಖ ಹಿಡಿಯಲು ಹಣೆಗೆ ಕ್ಯಾಮೆರಾ ಅಂಟಿಸಿದರು. ಆ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿ ನಾಡೆಲ್ಲ ಝಣಕ್ ಝಣಕ್ ಎನ್ನಬೇಕೆಂಬುದು ಕಂಪನಿಯ ಆಸೆ. ಅದರ ಹೊಣೆ ಜಾಹೀರಾತು ಕಚೇರಿಯ ಕೌಶಿಕ್ ಅವರದು. ಕೆಟ್ಟವರೇನಲ್ಲ, ಎದುರಿಗಿರುವ ಮನುಷ್ಯರನ್ನೂ ಪರದೆಯಲ್ಲೇ ನೋಡುವ ಅಭ್ಯಾಸ, ಅಷ್ಟೆ.

ಬೆಂಗಳೂರಿನ ಮಾಲಿನಲ್ಲಿ ನನಗೆ ಕೆಲಸವೇ ಇರಲಿಲ್ಲ. ಅಲ್ಲಿನವರು ಬಾಯಿಗೆ ಕೈ ಅಡ್ಡ ಹಿಡಿದು ಕೂಗುವವರು, ಐದನೆಯ ದೀಪಕ್ಕೇ ಸುಸ್ತು. ಕೌಶಿಕ್ ನನ್ನ ಕಿವಿ ಹಿಂಡಿ, ಹತ್ತಿರದ ಸಣ್ಣ ದನಿಗೂ ಬಾಟಲಿ ಬೀಳುವಂತೆ ಮಾಡಿದರು. ಅದೇ ಕಿವಿಯೊಂದಿಗೆ ನನ್ನನ್ನು ಗದಗಿನ ಬಸ್ ನಿಲ್ದಾಣದಲ್ಲಿ ತಂದು ನಿಲ್ಲಿಸಿದರು.

ಅಲ್ಲಿನ ಗಂಟಲುಗಳು ಅವರಿಗೆ ಗೊತ್ತಿರಲಿಲ್ಲ. ದಿನವಿಡೀ ‘ಲಕ್ಷ್ಮೇಶ್ವರ, ಲಕ್ಷ್ಮೇಶ್ವರ’ ಎನ್ನುವ ಕಂಡಕ್ಟರೊಬ್ಬರು ಕೂಗುವುದಿರಲಿ, “ಏನ್ರಿ ಇದು?” ಎಂದು ಕೇಳಿದ್ದಕ್ಕೇ ನಾನು ಬಾಟಲಿ ಉದುರಿಸಿದೆ. ಸವತೆಕಾಯಿಯವರು, ಹೂವಿನವರು ಎಲ್ಲ ಮುಗಿಬಿದ್ದರು. ಅರ್ಧ ಗಂಟೆಗೊಮ್ಮೆ ನನ್ನ ಹೊಟ್ಟೆ ಖಾಲಿ. ಬಾಟಲಿ ತುಂಬುವ ಬಸಣ್ಣ ನನ್ನ ಬೆನ್ನಿನ ಬಾಗಿಲು ತೆರೆದಿಟ್ಟು ಲಾರಿಗೆ ಓಡುವುದು, ಬರುವುದು, ಇದೇ ಆಯಿತು.

ಮೇ ತಿಂಗಳ ಬಿಸಿಲು. ತೆರೆದ ಬಾಗಿಲಿನಿಂದ ತಂಪು ಸೂಸುತ್ತಿತ್ತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಇಣುಕಿದಳು, ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದಳು, ಕೆಳಗಿನ ಖಾಲಿ ಕ್ರೇಟಿನಲ್ಲಿ ಮುದುಡಿ ನಿದ್ದೆ ಹೋದಳು. ಬಸಣ್ಣ ಮೇಲಿನ ಅರೆಗಳನ್ನು ತುಂಬಿ, ಕೆಳಗೆ ನೋಡದೆ ಬಾಗಿಲು ಹಾಕಿ ಚಿಲಕ ಜಡಿದ. ನನ್ನ ಜೀವ ಬಾಯಿಗೆ ಬಂತು. ಆದರೆ ಬಾಟಲಿ ಬಿಟ್ಟರೆ ಬೇರೇನೂ ಹೊರಡದ ಬಾಯಿ ನನ್ನದು.

ಸ್ವಲ್ಪ ಹೊತ್ತಿಗೆ ಅವಳ ಅಜ್ಜಿ ಫಕ್ಕೀರವ್ವ ಓಡಿ ಬಂದಳು. ಕೈಯಲ್ಲಿ ಆ ಪುಟ್ಟ ಚಪ್ಪಲಿಗಳು.

“ನಮ್ಮ ದಾನಮ್ಮ ಎಲ್ಲೂ ಕಾಣವಲ್ಲಳ್ರಿ! ಚಪ್ಪಲಿ ಅಷ್ಟ ಇಲ್ಲಿ ಬಿದ್ದಾವು!”

ಮೈಕಿದ್ದರೆ ದನಿ ದೂರ ಹೋಗುತ್ತದೆಂದು ತಿಳಿದ ಆಕೆ ನನ್ನ ಮುಂದೆ ನಿಂತು ಕೂಗಿದಳು: “ಏ ದಾನವ್ವಾ! ಎಲ್ಲಿ ಅದೀಯವ್ವಾ?”

ಹತ್ತೂ ದೀಪ ಹೊತ್ತಿದವು. ಬಾಟಲಿ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಮತ್ತೆ ಕೂಗಿದಳು, ಮತ್ತೊಂದು ಬಾಟಲಿ.

“ಯಪ್ಪಾ, ಏನ್ ಆ್ಯಕ್ಟಿಂಗ್ ಮಾಡ್ತಾಳಲೇ ಮುದುಕಿ!” ಎಂದನೊಬ್ಬ.

“ಸೂಪರ್! ಮುಖ ಸರಿಯಾಗಿ ಕ್ಯಾಮೆರಾಗೆ ಸಿಕ್ತಿದೆ!” ಎಂದರು ಪರದೆ ನೋಡುತ್ತಿದ್ದ ಕೌಶಿಕ್.

ಒಂದು ಜೀವ ಒದ್ದಾಡುತ್ತಿದ್ದರೆ ನಾನು ಸೋಡಾ ಇನಾಮು ಕೊಡುತ್ತಿದ್ದೆ. ಅಂಥ ನಾಚಿಕೆ ನನಗೆ ಎಂದೂ ಆಗಿಲ್ಲ.

ಏಳನೆಯ ಬಾಟಲಿಗೆ ಅವಳ ದನಿ ಒಡೆಯಿತು. ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನೆದುರೇ ಕುಸಿದಳು. ಆ ಬಾಟಲಿಯ ಸದ್ದಿಗೆ ಒಳಗಿನ ಮಗು ಎಚ್ಚೆತ್ತಿತ್ತು. ಕತ್ತಲೆ, ಚಳಿ, ಅಳತೊಡಗಿತು. ಹೊರಗೆ ಕಂಪನಿಯವರು ಹಾಕಿದ್ದ ಝಣಕ್ ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ನನ್ನ ಮೈಕು ಮಾತ್ರ ಹೊಟ್ಟೆಯೊಳಗೇ ಇತ್ತಲ್ಲ! ಹತ್ತನೆಯ ದೀಪ ಹೊತ್ತಿತು. ಬಾಟಲಿ ಬಿತ್ತು. ಇನ್ನೊಂದು ಬಿತ್ತು. ಮತ್ತೊಂದು.

“ಮಷೀನ್ ಕೆಟ್ಟೈತಿ” ಎಂದು ಜನ ನಕ್ಕರು.

ಫಕ್ಕೀರವ್ವ ತಲೆಯೆತ್ತಿದಳು. “ನಾ ಬಾಯಿ ತೆಗದಿಲ್ಲ. ಮತ್ತ ಕೂಗಿದವ್ರು ಯಾರು?”

ಎದ್ದು ನನ್ನ ಪಕ್ಕೆಗೆ ಕಿವಿ ಹಚ್ಚಿದಳು. “ಒಳಗದಾಳ! ನಮ್ಮ ಕೂಸು ಇದರೊಳಗದಾಳ!”

ಬಸಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಚಿಲಕ ತೆಗೆದ. ಆ ಉರಿಬಿಸಿಲಲ್ಲಿ ನಡುಗುತ್ತ ಹೊರಬಂದ ದಾನಮ್ಮ, “ಥಂಡಿ ಅಜ್ಜಿ” ಎಂದಳು. ಫಕ್ಕೀರವ್ವ ಮೊದಲು ಬೆನ್ನಿಗೊಂದು ಗುದ್ದಿದಳು, ಆಮೇಲೆ ಅಪ್ಪಿಕೊಂಡಳು. ನನ್ನ ದೀಪಗಳೆಲ್ಲ ಆರಿದವು. ಅಬ್ಬಾ, ಆ ನಿರಾಳ!

ಕೌಶಿಕ್ ಹತ್ತಿರ ಬಂದರು. “ಅಮ್ಮಾ, ತಬ್ಕೊಂಡಿದ್ದು ಹಿಂದುಗಡೆ ಆಗೋಯ್ತು, ಕ್ಯಾಮೆರಾಗೆ ಸಿಕ್ಕಿಲ್ಲ. ಇನ್ನೊಂದ್ಸಲ ಮುಂದೆ ಬಂದು...”

“ನಿನ್ನ ಮಗಳನ್ನ ಇದರೊಳಗ ಇಟ್ಟು ಚಿಲಕ ಹಾಕೋ ತಮ್ಮಾ. ಆಮ್ಯಾಲೆ ಬಂದು ತಬ್ಬಿ ತೋರಸ್ತೀನಿ.”

ಕೌಶಿಕ್ ಅಂದು ಮೊದಲ ಸಲ ಪರದೆ ಬಿಟ್ಟು ಒಬ್ಬರ ಮುಖ ನೋಡಿದರು. ನನ್ನ ಹಣೆಯ ಕ್ಯಾಮೆರಾ ಕಿತ್ತು, ಅದರಲ್ಲಿದ್ದುದನ್ನೆಲ್ಲ ಅಳಿಸಿದರು. ನಾನು ನಾಡೆಲ್ಲ ಹಾರಲಿಲ್ಲ. ಅಂದೇ ನನ್ನ ನೌಕರಿ ಮುಗಿಯಿತು. ಹೋಗುವ ಮುನ್ನ ಬಸಣ್ಣ ನನ್ನ ಬೆನ್ನಿನ ಬಾಗಿಲನ್ನು ತಿರುಪು ಸಮೇತ ಕಿತ್ತೊಯ್ದ.

ಈಗ ನಾನು ನಿಲ್ದಾಣದ ಕ್ಯಾಂಟೀನಿನ ಪಕ್ಕ ತುಕ್ಕು ಹಿಡಿದು ನಿಂತಿದ್ದೇನೆ. ಮುಳಗುಂದದ ಬಸ್ಸು ಹತ್ತುವ ಮೊದಲು ಈಗ ಶಾಲೆಯಲ್ಲಿ ಎರಡನೆಯ ಇಯತ್ತೆ ಓದುವ ದಾನಮ್ಮ ತಪ್ಪದೆ ಬಂದು, ಬಗ್ಗಿ, ನನ್ನ ಹೊಟ್ಟೆಯೊಳಗೆ ಮೂಲೆ ಮೂಲೆ ನೋಡುತ್ತಾಳೆ. ಅವಳು ನೋಡಿ ಮುಗಿಸುವವರೆಗೆ ನನಗೂ ಒಳಗೊಳಗೇ ಭಯ. ಆಮೇಲೆ ಅವಳು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಾಳೆ:

“ಒಳಗ ಯಾರೂ ಇಲ್ಲ ಅಜ್ಜಿ! ನಡೀ ಹೋಗೂಣು!”