ಚಿತ್ರ ೭.೩ರ ಚುಕ್ಕೆ

ಜಗತ್ತಿನಲ್ಲಿ ದೊಡ್ಡ ದೊಡ್ಡ ಪ್ರಶ್ನೆಗಳು ಎದ್ದಿವೆ, ತಣ್ಣಗೂ ಆಗಿವೆ. ಅವುಗಳ ಪಂಕ್ತಿಯಲ್ಲಿ ಕೂರಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ವಿಷಾದದ ಸಂಗತಿ. ಅದು ಇಷ್ಟೇ: ರೇಖಾಗಣಿತದ ಒಂದು ಪುಸ್ತಕದ ಇನ್ನೂರ ಹದಿನೇಳನೇ ಪುಟದಲ್ಲಿ, ಸಾಸಿವೆ ಕಾಳಿನ ಕಾಲು ಭಾಗದಷ್ಟಿರುವ ಕರಿ ಚುಕ್ಕೆಯೊಂದನ್ನು ಉಳಿಸಬೇಕೋ, ಅಳಿಸಬೇಕೋ?

ಪುಸ್ತಕದ ಹೆಸರು ಎರಡು ಸಾಲು ಉದ್ದವಿತ್ತು. ಕೊನೆಗೆ ‘ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ’ ಎಂಬ ಬಾಲವಿತ್ತು. ಇದು ಸಂಶೋಧಕರಿಗೆ ಬರೆದದ್ದು ಎಂದು ವಿದ್ಯಾರ್ಥಿಗಳು ಮುಚ್ಚಿಡುತ್ತಿದ್ದರು. ಇದು ವಿದ್ಯಾರ್ಥಿಗಳಿಗೆ ಬರೆದದ್ದು ಎಂದು ಸಂಶೋಧಕರು ತೆರೆಯುತ್ತಲೇ ಇರಲಿಲ್ಲ. ಹಾಗಿದ್ದೂ ನಾಲ್ಕು ಮುದ್ರಣ ಕಂಡಿತ್ತು. ಅದರ ನಾನೂರ ಆರು ಚಿತ್ರಗಳನ್ನು ಬರೆದವರು ಪ್ರಕಾಶನದ ಚಿತ್ರಕಾರರು. ವೃತ್ತ ಎಳೆಯುವ ಕೈವಾರ ಅವರ ಬೆರಳುಗಳ ನಡುವೆ ಆರನೇ ಬೆರಳಿನಂತೆ ಇರುತ್ತಿದ್ದುದರಿಂದ ಎಲ್ಲರೂ ಅವರನ್ನು ಕೈವಾರಪ್ಪ ಎನ್ನುತ್ತಿದ್ದರು. ಅವರ ನಿಜವಾದ ಹೆಸರು ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಅದರ ಕೊರಗು ಅವರಿಗೆ ಇರಲಿಲ್ಲ. ಇದ್ದದ್ದು ಚುಕ್ಕೆಯ ಕೊರಗು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮಸಿ ಜಾರದಿರಲಿ ಎಂದು ಹಾಳೆಯ ಮೇಲೆ ಸೀಮೆಸುಣ್ಣದ ಪುಡಿ ಸವರಿಕೊಂಡು ಚಿತ್ರ ಬರೆಯುತ್ತಿದ್ದ ಕಾಲ. ಎರಡು ಬದಿ ಸಮನಾಗಿರುವ ತ್ರಿಕೋನವೊಂದನ್ನು ಎಳೆದು, ಅದನ್ನು ನಡುವೆ ಸರಿಯಾಗಿ ಎರಡು ಮಾಡುವ ಅಕ್ಷರೇಖೆಯನ್ನೂ ಎಳೆದು, ಕೈವಾರಪ್ಪನವರು ಲೇಖನಿ ಎತ್ತುವುದಕ್ಕೂ ಪುಡಿ ಮೂಗಿಗೆ ಹೋಗುವುದಕ್ಕೂ ಸರಿಹೋಯಿತು. “ಆ...ಕ್ಷೀ!” ಲೇಖನಿಯಿಂದ ಒಂದು ತೊಟ್ಟು ಮಸಿ ತ್ರಿಕೋನದ ಒಳಗೆ, ಅಕ್ಷದ ಮೇಲೋ ಪಕ್ಕದಲ್ಲೋ ಎಂದು ಹೇಳಲಾಗದ ಜಾಗದಲ್ಲಿ ಬಿತ್ತು. ಮೂಗು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಅವರು ಅದನ್ನು ನೋಡಲಿಲ್ಲ. ನೋಡಿದ್ದು ಪುಸ್ತಕ ಅಚ್ಚಾದ ಮೇಲೆ.

ರೇಖಾಗಣಿತದಲ್ಲಿ ಪ್ರತಿ ಬಿಂದುವಿಗೂ ಒಂದು ಅಕ್ಷರ ಇರಲೇಬೇಕು. ಇದಕ್ಕೆ ಇರಲಿಲ್ಲ. ಮೊದಲ ವರ್ಷವೇ ಒಬ್ಬ ವಿದ್ಯಾರ್ಥಿ ಗ್ರಂಥಕರ್ತರಿಗೆ ಕಾಗದ ಬರೆದು, ‘ಚಿತ್ರ ೭.೩ರಲ್ಲಿರುವ ಅನಾಮಿಕ ಬಿಂದು ಯಾವುದು?’ ಎಂದು ಕೇಳಿದ. ಗ್ರಂಥಕರ್ತರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆಯುವ ಅಭ್ಯಾಸ ಅವರ ಕೈಗೆ ಇರಲಿಲ್ಲ. ‘ಅದನ್ನು ಓದುಗರ ಯೋಚನೆಗೆ ಬಿಡಲಾಗಿದೆ’ ಎಂದು ಉತ್ತರಿಸಿದರು. ಅಲ್ಲಿಗೆ ಚುಕ್ಕೆಯ ಗ್ರಹಗತಿ ತಿರುಗಿತು.

ಈಗ ಐದನೇ ಮುದ್ರಣ. ಅದು ಮುಗಿದ ಮೇಲೆ ಕೈವಾರಪ್ಪನವರ ನಿವೃತ್ತಿ. ಅವರು ಮೂಲ ಹಾಳೆಯನ್ನೂ ಹೊಸ ಬ್ಲೇಡನ್ನೂ ಹಿಡಿದು ಮ್ಯಾನೇಜರರ ಮೇಜಿನ ಮುಂದೆ ನಿಂತರು.

“ಈ ಸಲ ಕೆರೆದು ಹಾಕ್ಬಿಡ್ತೀನಿ ಸಾರ್. ನನ್ನ ಕೈಯಿಂದ ಆಗಿರೋ ತಪ್ಪು ಅಂದ್ರೆ ಇದೊಂದೇ. ಇದನ್ನ ಇಟ್ಕೊಂಡು ನಾನು ಮನೆಗೆ ಹೋಗಲ್ಲ.”

ಮ್ಯಾನೇಜರರು ಹಾಳೆಯನ್ನಲ್ಲ, ಬ್ಲೇಡನ್ನು ನೋಡಿದರು. ಆಮೇಲೆ ಎದ್ದು, ಬೀರುವಿನಿಂದ ದಾರ ಕಟ್ಟಿದ ಒಂದು ದಪ್ಪ ಕಡತ ತಂದು ಮೇಜಿನ ಮೇಲೆ ಕುಕ್ಕಿದರು.

“ಓದುಗರ ಪತ್ರ. ಮುನ್ನೂರ ಹನ್ನೊಂದು. ಎಲ್ಲಾ ನಿಮ್ಮ ಚುಕ್ಕೆ ಮೇಲೆ. ಉಳಿದ ಆರುನೂರು ಪುಟದ ಮೇಲೆ ಎಷ್ಟು ಬಂದಿದೆ ಗೊತ್ತಾ? ಒಂದು. ಅದೂ ಬೈಂಡಿಂಗ್ ಬಿಟ್ಟೋಗಿದೆ ಅಂತ.”

“ಸಾರ್, ಅದು ಚುಕ್ಕೆ. ಬಿಂದು ಅಲ್ಲ. ಬಿಂದುಗೆ ಉದ್ದ ಅಗಲ ಇರಲ್ಲ ಅಂತ ಈ ಪುಸ್ತಕದ ಮೊದಲನೇ ಪುಟದಲ್ಲೇ ಇದೆ. ಇದಕ್ಕೆ ಎರಡೂ ಇದೆ.”

“ನಾಲ್ಕು ಸಲ ಅಚ್ಚಾದ ಮೇಲೆ ಚುಕ್ಕೆನೂ ಬಿಂದುನೇ, ಕೈವಾರಪ್ಪೋರೇ. ಮುಂದಿನ ಸೋಮವಾರ ಯಾರೋ ಹುಡುಗಿ ಇದರ ಮೇಲೆ ಬರೆದಿರೋ ಪ್ರಬಂಧದ ವೈವಾ ಇದೆಯಂತೆ, ಡಾಕ್ಟರೇಟ್‌ಗೆ. ನನ್ನನ್ನೂ ಕರೆದಿದ್ದಾರೆ. ಅದು ಮುಗೀಲಿ. ಅಲ್ಲೀವರೆಗೂ ಆ ಬ್ಲೇಡು ಗಡ್ಡಕ್ಕೆ ಇಟ್ಕೊಳ್ಳಿ.”

ಕೈವಾರಪ್ಪನವರಿಗೆ ಆ ಹುಡುಗಿಯ ಮೇಲೆ ಕನಿಕರ ಉಕ್ಕಿತು. ಯಾರ ಮನೆ ಮಗಳೋ, ಒಂದು ತೊಟ್ಟು ಮಸಿಗೆ ಪ್ರಾಯ ಸವೆಸಿದ್ದಾಳೆ ಎಂದುಕೊಳ್ಳುತ್ತ ಮನೆಗೆ ಹೋದರು.

ಮನೆಯಲ್ಲಿ ಮಗಳು ಹಜಾರದ ತುಂಬ ಹಾಳೆ ಹರಡಿಕೊಂಡು ಕೂತಿದ್ದಳು. ಮೂರು ವರ್ಷದಿಂದ ಅವಳು ಹಾಗೆಯೇ ಕೂತಿದ್ದಳು. ‘ಏನಮ್ಮಾ ಓದ್ತಿದ್ದೀಯ?’ ಎಂದರೆ ‘ಜಾಮಿಟ್ರಿ ಅಪ್ಪಾ’ ಎನ್ನುವಳು. ತಾವೂ ದಿನವಿಡೀ ಅದನ್ನೇ ಕಂಡವರಾದ್ದರಿಂದ ಅವರು ಮುಂದೆ ಕೇಳುತ್ತಿರಲಿಲ್ಲ. ಅವತ್ತು ಕೇಳಿದರು, ಚಪ್ಪಲಿ ಬಿಡುತ್ತ, ಸುಮ್ಮನೆ.

“ಸೋಮವಾರ ವೈವಾ ಅಪ್ಪಾ. ನಿಂಗೆ ಹೇಳೇ ಇಲ್ಲ ಅಲ್ವಾ? ನಿಮ್ಮ ಪುಸ್ತಕದ್ದೇ. ಚಿತ್ರ ಏಳು ಪಾಯಿಂಟ್ ಮೂರರ ಅನಾಮಿಕ ಬಿಂದು. ಅದಕ್ಕೆ ನಲವತ್ತೊಂದು ಗುಣ ಇದೆ ಅಂತ ಸಾಧಿಸಿದ್ದೀನಿ.”

ಕೈವಾರಪ್ಪನವರ ಒಂದು ಕಾಲಿನ ಚಪ್ಪಲಿ ಕಾಲಲ್ಲೇ ಉಳಿಯಿತು.

“ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ ಮಗಳೇ?”

“ನೀನು ಬರೀ ಗೆರೆ ಎಳೆಯೋನು ತಾನೇ? ಬಿಂದು ಗ್ರಂಥಕರ್ತರ ಕಲ್ಪನೆ. ಅವರೇ ಹೇಳಿದ್ರು, ಎರಡು ಗಂಟೆ ಹೊತ್ತು.”

ಅವರು ಅಡುಗೆಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ ವಿಷಯ ಉಸುರಿದರು. ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

“ಏನ್ರೀ ಇದು! ನೀವು ಸೀನಿದ್ದಕ್ಕೆ ಅವಳು ಮೂರು ವರ್ಷ ನಿದ್ದೆಗೆಟ್ಟಳಾ?”

“ಮೆಲ್ಲಗೆ ಕಣೇ. ಹೇಳ್ಬಿಡ್ಲಾ?”

“ಹೇಳಿ, ಹೇಳಿ! ಮೂರು ವರ್ಷ ನೀರಲ್ಲಿ ಹೋಮ ಆಗ್ಲಿ. ನೋಡಿ, ನಾನೂ ಬರ್ತೀನಿ, ಪಕ್ಕದಲ್ಲೇ ಕೂರ್ತೀನಿ. ಸೋಮವಾರ ಮುಗಿಯೋವರೆಗೂ ಬಾಯಿ ಹೊಲ್ಕೊಂಡಿರ್ಬೇಕು, ತಿಳೀತಾ?”

ಸೋಮವಾರ ಕೈವಾರಪ್ಪನವರು ಬಾಯಿ ಹೊಲಿದುಕೊಂಡೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಮ್ಯಾನೇಜರರು. ಮುಂದಿನ ಸಾಲಿನಲ್ಲಿ ಗ್ರಂಥಕರ್ತರು ಶಾಲು ಹೊದ್ದು, ತಮ್ಮದೇ ಭಾವಚಿತ್ರದಂತೆ ಕೂತಿದ್ದರು. ನೆತ್ತಿಯ ಮೇಲೆ ಒಂದು ಫ್ಯಾನು ಕಿರ್ ಕಿರ್ ಎಂದು ಎಲ್ಲರ ಮಾತಿನ ಅರ್ಧವನ್ನು ತಾನೇ ತಿನ್ನುತ್ತಿತ್ತು. ಮಗಳು ಮುಕ್ಕಾಲು ಗಂಟೆ ಮಾತಾಡಿದಳು. ಕೈವಾರಪ್ಪನವರಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ತಮ್ಮ ಮೂಗಿನಿಂದ ಹೊರಟದ್ದು ಇಷ್ಟು ದೂರ ಬಂದಿತಲ್ಲ ಎಂದು ಎದೆ ಉಬ್ಬಿತು, ಮರುಕ್ಷಣ ಕುಗ್ಗಿತು.

ಆಗ ಪರವೂರಿನಿಂದ ಬಂದಿದ್ದ ಪರೀಕ್ಷಕರು ಎದ್ದರು. ಒಣಗಿದ ಮನುಷ್ಯ, ಕಿಸೆಯಲ್ಲಿ ಭೂತಗನ್ನಡಿ.

“ನೋಡಮ್ಮಾ, ನಿನ್ನ ನಲವತ್ತೊಂದು ಗುಣಾನೂ ನಿಲ್ಲೋದು ಬಿಂದು ಅಕ್ಷದ ಮೇಲಿದ್ರೆ ಮಾತ್ರ. ನಾನು ನಾಲ್ಕು ಮುದ್ರಣಾನೂ ಗಾಜು ಹಿಡಿದು ನೋಡಿದೆ. ಒಂದರಲ್ಲಿ ಮೇಲಿದೆ, ಒಂದರಲ್ಲಿ ಕೂದಲೆಳೆಯಷ್ಟು ಪಕ್ಕಕ್ಕಿದೆ. ಪಕ್ಕಕ್ಕಿದ್ರೆ ಪ್ರಬಂಧ ವಾಪಸ್. ಹೇಳು, ಆ ಬಿಂದು ಇರೋದು ಯಾವುದರ ಮೇಲೆ?”

ಮಗಳು ಗ್ರಂಥಕರ್ತರನ್ನು ನೋಡಿದಳು. ಗ್ರಂಥಕರ್ತರು ಫ್ಯಾನನ್ನು ನೋಡಿದರು. ಪರೀಕ್ಷಕರು ತಾವೇ ಹಲಗೆಯ ಹತ್ತಿರ ಹೋಗಿ, ಅಲ್ಲಿದ್ದ ಬರಹವನ್ನೆಲ್ಲ ಡಸ್ಟರಿನಿಂದ ರಪರಪ ಒರೆಸಿ, ಒಂದು ತ್ರಿಕೋನ ಎಳೆದು, “ಎಲ್ಲಿ, ತೋರಿಸು” ಎಂದರು. ಮಗಳು ಸೀಮೆಸುಣ್ಣವನ್ನು ತ್ರಿಕೋನದ ನಡುವಿಗೆ ಒಯ್ದಳು, ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು, ಮತ್ತೆ ನಡುವಿಗೆ ತಂದಳು.

ಅದನ್ನು ನೋಡಲಾಗದೆ ಕೈವಾರಪ್ಪನವರು ಎದ್ದೇಬಿಟ್ಟರು. ಹೇಳಿದರೂ ಕೆಡುತ್ತದೆ, ಹೇಳದಿದ್ದರೂ ಕೆಡುತ್ತದೆ. ಕೆಡುವುದಾದರೆ ನಿಜ ಹೇಳಿಯೇ ಕೆಡಲಿ. ಹೆಂಡತಿ ಅಂಗಿ ಹಿಡಿದು ಜಗ್ಗಿದರು. ಅಷ್ಟರಲ್ಲಿ ಡಸ್ಟರಿನಿಂದ ಎದ್ದ ಧೂಳು ಫ್ಯಾನಿನ ಗಾಳಿಗೆ ಸಿಕ್ಕಿ ಕೊನೆಯ ಬೆಂಚಿಗೆ ಬಂದಿತ್ತು. ಬಾಯಿ ಹೊಲಿದುಕೊಂಡಿರಿ ಎಂದು ಆಕೆ ಹೇಳಿದ್ದರು; ಮೂಗಿನ ಬಗ್ಗೆ ಏನೂ ಹೇಳಿರಲಿಲ್ಲ.

“ಆ...ಕ್ಷೀ!”

ಸಭೆ ತಿರುಗಿ ನೋಡಿತು.

“ಏನಂದ್ರಿ? ಅಕ್ಷಾನಾ?” ಎಂದರು ಪರೀಕ್ಷಕರು, ಕಿವಿಗೆ ಕೈ ಹಚ್ಚಿ. “ಯಾರು ಅವರು?”

“ಚಿತ್ರ ಬರೆದೋರು!” ಎಂದು ಮ್ಯಾನೇಜರರು ಕೂತಲ್ಲಿಂದಲೇ ಕೂಗಿದರು.

“ಇಲ್ಲ ಸಾರ್,” ಕೈವಾರಪ್ಪನವರು ಮೂಗು ಒರೆಸಿಕೊಂಡರು, “ಅದು ಸೀನು!”

“ಬಹಳ ಸಂತೋಷ, ಸೀನು ಅವರೇ.”

“ಅಯ್ಯೋ, ಹಾಗಲ್ಲ ಸಾರ್. ಆ ಚುಕ್ಕೆ ಬಿದ್ದಿದ್ದೇ ಸೀನಿಂದ!”

“ಅದನ್ನೇ ನಾನೂ ಹೇಳ್ತಿರೋದು. ಬಿಂದು ಇಟ್ಟೋರೇ ಎದ್ದು ನಿಂತು ಅಕ್ಷ ಅಂದ್ಮೇಲೆ ಇನ್ನು ನನ್ನ ಗಾಜು ಯಾಕೆ? ನೀವು ಕೂತ್ಕೊಳ್ಳಿ ಸೀನು.”

“ನನ್ನ ಕಲ್ಪನೆಯೂ ಮೊದಲಿನಿಂದ ಅಕ್ಷವೇ ಆಗಿತ್ತು” ಎಂದು ಗ್ರಂಥಕರ್ತರು ಶಾಲು ಸರಿಪಡಿಸಿಕೊಂಡರು. ಚಪ್ಪಾಳೆ ಬಿತ್ತು. ಕೈವಾರಪ್ಪನವರು ಇನ್ನೂ ಎರಡು ಸಲ ನಿಜ ಹೇಳಲು ಪ್ರಯತ್ನಿಸಿದರು. ಎರಡು ಸಲವೂ ಸೀನೇ ಬಂತು. ಎರಡನ್ನೂ ಅನುಮೋದನೆಯೆಂದು ಬರೆದುಕೊಳ್ಳಲಾಯಿತು.

ಹೊರಗೆ ಮೆಟ್ಟಿಲ ಮೇಲೆ ಮಗಳು ಅವರ ತೋಳು ಹಿಡಿದಳು.

“ಅಪ್ಪಾ, ನಿಜ ಹೇಳು. ನೀನಂದಿದ್ದು ಅಕ್ಷ ಅಂತಲೋ, ಆಕ್ಷೀ ಅಂತಲೋ?”

ಕೈವಾರಪ್ಪನವರು ಸೀನಿನಿಂದ ಬ್ಲೇಡಿನವರೆಗೆ ಇಪ್ಪತ್ತೆರಡು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಕ್ಷದ ಮೇಲೆ ಬಿಂದು ಇದ್ರೆ ನಲವತ್ತೊಂದೂ ನಿಜಾನೇ ಅಪ್ಪಾ. ಯಾರ ಮೂಗಿಂದ ಬಂತು ಅನ್ನೋದನ್ನ ಗಣಿತ ಕೇಳಲ್ಲ. ಆದ್ರೆ ಆ ಬ್ಲೇಡು ನಂಗೆ ಕೊಡು.”

ಅವರು ಕಿಸೆಯಿಂದ ಬ್ಲೇಡು ತೆಗೆದು ಕೊಟ್ಟರು.

ಮಗಳಿಗೆ ಡಾಕ್ಟರೇಟ್ ಬಂತು. ಐದನೇ ಮುದ್ರಣವೂ ಬಂತು. ಚಿತ್ರ ೭.೩ರಲ್ಲಿ ಚುಕ್ಕೆ ಇದ್ದಲ್ಲೇ ಇದೆ. ಅದರ ಪಕ್ಕದಲ್ಲಿ ‘ಕ್ಷ’ ಎಂಬ ಅಕ್ಷರವಿದೆ. ಅದನ್ನು ಕೈವಾರಪ್ಪನವರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬರೆದರು. ಮುನ್ನುಡಿಯ ಕೊನೆಯ ಸಾಲಿನಲ್ಲಿ ಗ್ರಂಥಕರ್ತರು ಚಿತ್ರಕಾರ ಶ್ರೀ ಸೀನು ಅವರಿಗೆ ಕೃತಜ್ಞತೆ ಹೇಳಿದ್ದಾರೆ.