ಇಪ್ಪತ್ತೈದನೆಯ ತಲೆ

ಜಟ್ಟೆಪ್ಪನ ಎಡ ಮೊಣಕಾಲನ್ನು ಅಮೃತಮ್ಮ ಎರಡೂ ಕೈಯಿಂದ ಹಿಡಿದು ನಿಧಾನವಾಗಿ ಬಗ್ಗಿಸಿದಳು. ಬಗ್ಗಿತು. ಬಲಗಾಲನ್ನೂ ಬಗ್ಗಿಸಿ ಚಕ್ಕಳಮಕ್ಕಳ ಹಾಕಿಸಬೇಕು ಅನ್ನುವಷ್ಟರಲ್ಲಿ ವೃದ್ಧಾಶ್ರಮದ ಮ್ಯಾನೇಜರ್ ಮಧುಕರ್ ಬಾಗಿಲಲ್ಲಿ ಬಂದು ನಿಂತ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಲ್ಲುಜ್ಜುವ ಬ್ರಷ್ಷು.

"ಬೇಡ ಅಮೃತಮ್ಮ. ಹಾಗೇ ಮಲಗ್ಸು. ಮೇಲೊಂದು ರಗ್ಗು ಹೊದಿಸ್ಬಿಡು," ಅಂದ.

ಜಟ್ಟೆಪ್ಪ ಬೆಳಗಿನ ಹಾಲು ಕುಡಿದು, ಲೋಟ ವಾಪಸ್ಸು ಕೊಡುವ ಮೊದಲೇ ಹೋಗಿಬಿಟ್ಟಿದ್ದ. ಲೋಟ ಇನ್ನೂ ಹಾಸಿಗೆಯ ಮೇಲಿತ್ತು. ಅಕ್ಕಪಕ್ಕದ ಮಂಚದವರೆಲ್ಲ ಗೋಡೆಯ ಕಡೆ ತಿರುಗಿ ಮಲಗಿದ್ದರು. ಇಂಥ ಹೊತ್ತಿನಲ್ಲಿ ಆ ಮನೆಯ ಮುದುಕರಿಗೆಲ್ಲ ಒಟ್ಟಿಗೇ ನಿದ್ದೆ ಬರುತ್ತದೆ.

ಅವತ್ತು ಇಲಾಖೆಯ ಮೇಡಂ ತಪಾಸಣೆಗೆ ಬರುವ ದಿನ. ಮಂಚಗಳ ಮೇಲೆ ಅರವತ್ತು ದಾಟಿದ ಇಪ್ಪತ್ತೈದು ತಲೆ ಇದ್ದರೆ ಅನುದಾನ, ಇಪ್ಪತ್ತನಾಲ್ಕಾದರೆ ಏನೂ ಇಲ್ಲ. ಹಾಗಂತ ಕೆ.ಆರ್. ಪುರದಲ್ಲಿ ಮುದುಕರಿಗೇನೂ ಬರ ಬಂದಿರಲಿಲ್ಲ. ದಿನಾ ಬೆಳಗಾದರೆ ಗೇಟಿನ ಹತ್ತಿರ ಯಾರಾದರೊಬ್ಬರು ಚೀಲ ಹಿಡಿದು ನಿಂತಿರುತ್ತಿದ್ದರು. ವರಾಂಡದಲ್ಲೇ ಮೂವರು ಮಲಗುತ್ತಿದ್ದರು, ಸೇತುವೆಯ ಕೆಳಗಿಂದ ಪೊಲೀಸರು ತಂದು ಬಿಟ್ಟುಹೋದವರು. ಇವರ್ಯಾರ ಹತ್ತಿರವೂ ಆಧಾರ್ ಕಾರ್ಡಿರಲಿಲ್ಲ. ಕಾರ್ಡಿಲ್ಲದವರು ಊಟದ ಲೆಕ್ಕಕ್ಕೆ ಬರುತ್ತಾರೆ, ತಲೆಯ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತೈದು ಜನರ ಅನ್ನವನ್ನು ಇಪ್ಪತ್ತೆಂಟು ಜನ ಹಂಚಿಕೊಂಡು ಉಣ್ಣುತ್ತಿದ್ದುದು ಅಮೃತಮ್ಮನಿಗೂ ಗೊತ್ತಿತ್ತು. ಆ ಮನೆಯ ಆಯಾ, ಬಡಿಸುವವಳು ಅವಳೇ.

"ಸಾರ್, ಮೈ ಸೆಟದ್ರ ಮುಂದ ಕೂಡಂಗಿಲ್ರಿ," ಅಂದಳು ಅಮೃತಮ್ಮ. "ಎಲುಬು ಮುರೀಬೇಕಾಗ್ತದ."

ಮಧುಕರ್‌ಗೆ ಅದು ತಿಳಿಯದ್ದೇನಲ್ಲ. ಜಟ್ಟೆಪ್ಪನೂ ಅಮೃತಮ್ಮನೂ ಯಾದಗಿರಿ ಸೀಮೆಯ ಲಿಂಗವಂತರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಗುಂಡಿಯಲ್ಲಿ ಇಟ್ಟು ಮಣ್ಣು ಕೊಡುತ್ತಾರೆ. ಆದರೆ ಅವನ ತಲೆಯಲ್ಲಿ ಅನುದಾನ ಬಿಟ್ಟು ಬೇರೇನೂ ಇರಲಿಲ್ಲ. ಈ ಸಲ ನಿಂತರೆ ಮನೆ ಮುಚ್ಚಬೇಕು, ಮನೆಯ ಮಾಲೀಕ ಬೈಲಪ್ಪ ಆಗಲೇ ಪಿ.ಜಿ. ಹಾಸ್ಟೆಲ್ ಮಾಡುವ ಯೋಚನೆಯಲ್ಲಿದ್ದಾನೆ, ಇವರನ್ನೆಲ್ಲ ಎಲ್ಲಿಗೆ ಕಳಿಸಲಿ ಅಂತ ಒಂದೇ ಉಸಿರಿಗೆ ಹೇಳಿದ. ಮೇಡಂ ಮನೆ ಬಿಟ್ಟಿದ್ದಾರೆ, ಒಂದು ತಾಸಿನ ಮಾತು, ಆಮೇಲೆ ನಿನ್ನಿಷ್ಟದ ಹಾಗೆ ಮಾಡು ಅಂದ.

ಅಮೃತಮ್ಮ ರಗ್ಗು ಹೊದಿಸಿದಳು. ಆದರೆ ಹೊದಿಸುವ ಮೊದಲು ಎರಡು ದಿಂಬು ಬೆನ್ನಿಗೆ ಕೊಟ್ಟು, ಸುತ್ತಿದ ಚಾದರವನ್ನು ಮೊಣಕಾಲುಗಳ ಕೆಳಗೆ ತುರುಕಿದಳು. ಮೈ ಸೆಟೆದರೂ ಬಗ್ಗಿದ ಹಾಗೆಯೇ ಸೆಟೆಯಲಿ ಅಂತ.

*

ಜಟ್ಟೆಪ್ಪ ಹೆಂಡತಿ ಮಗಳ ಜೊತೆ ಗಾರೆ ಕೆಲಸಕ್ಕೆ ಬಂದವನು. ಮಾರತ್ತಹಳ್ಳಿಯ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತ. ಹೆಂಡತಿ ತೀರಿಕೊಂಡಳು. ಬೆನ್ನು ಬಿದ್ದುಹೋದ ಮೇಲೆ ಇಂದಿರಾನಗರದ ಒಂದು ಮನೆಗೆ ವಾಚ್‌ಮನ್ ಆದ. ರಾತ್ರಿಯೆಲ್ಲ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಮಲಗಿದ್ದು ಕಂಡರೆ ಕೆಲಸ ಹೋಗುತ್ತದೆಂದು ಕೂತೇ ನಿದ್ದೆ ಮಾಡುವುದನ್ನು ಕಲಿತ. ಆ ಮನೆ ಒಡೆದು ಹೋಟೆಲು ಕಟ್ಟಿದಾಗ ಕುರ್ಚಿ ಹೋಯಿತು, ಅಭ್ಯಾಸ ಉಳಿಯಿತು. ಆಶ್ರಮದಲ್ಲಿ ಅಮೃತಮ್ಮ ಎಷ್ಟು ಸಲ ಮಲಗಿಸಿ ಹೋದರೂ ಬೆಳಿಗ್ಗೆ ನೋಡಿದರೆ ಗೋಡೆಗೊರಗಿ ಕೂತಿರುತ್ತಿದ್ದ.

ಮಗಳು ಸುಜಾತಾ ಕಮ್ಮನಹಳ್ಳಿಯಲ್ಲಿ ಗಂಡ ಮಕ್ಕಳೊಂದಿಗೆ ಒಂದು ರೂಮಿನಲ್ಲಿದ್ದಳು. ಆ ರೂಮಿನಲ್ಲಿ ರಾತ್ರಿ ಒಬ್ಬರು ಮಗ್ಗುಲಾದರೆ ಎಲ್ಲರೂ ಮಗ್ಗುಲಾಗಬೇಕು. ಅಪ್ಪನಿಗೆ ಮಂಚ ಬೇಕಿತ್ತು. ದುಡಿಯುವ ಮಕ್ಕಳಿರುವವರಿಗೆ ಅನುದಾನದ ಮಂಚ ಇಲ್ಲ ಅಂದರು. ಹಾಗಾಗಿ ಸೇರುವ ದಿನ ಜಟ್ಟೆಪ್ಪನೇ, ಮಗಳು ಪಕ್ಕದಲ್ಲಿ ನಿಂತಿರುವಾಗಲೇ, ನನಗೆ ಮಕ್ಕಳಿಲ್ಲ ಅಂತ ಅಧಿಕಾರಿಯ ಮುಂದೆ ಹೇಳಿದ. ಅಲ್ಲಿಂದ ಮುಂದೆ ಸುಜಾತಾ ಭಾನುವಾರ ಬಂದು ಹೋಗುವ ಊರ ಕಡೆಯ ಹೆಂಗಸಾದಳು.

ಹೋದ ಬೇಸಿಗೆಯಲ್ಲಿ ಆಶ್ರಮದಲ್ಲೇ ಇದ್ದ ಆಳಂದದ ಮುದುಕನೊಬ್ಬ ಆಸ್ಪತ್ರೆಯಲ್ಲಿ ಸತ್ತ. ಫ್ರೀಜರಿನಿಂದ ಹೊರಗೆ ತೆಗೆದಾಗ ಕಟ್ಟಿಗೆಯ ಹಾಗೆ ನೇರವಾಗಿ ಸೆಟೆದಿದ್ದ. ಕೂರಿಸಲು ಆಗದೆ ಕರೆಂಟಿನ ಚಿತಾಗಾರಕ್ಕೆ ಕೊಟ್ಟು ಬಂದರು. ಆ ಸುದ್ದಿ ಕೇಳಿದ ಜಟ್ಟೆಪ್ಪ ತಟ್ಟೆ ಮುಟ್ಟಲಿಲ್ಲ.

"ಅಮೃತವ್ವ, ನನ್ನ ಕೂಡಸ್ತಿ ಹೌದಿಲ್ಲೊ?" ಅಂತ ಕೇಳಿದ.

"ಕೂಡಸ್ತೀನಿ. ಈಗ ಸುಮ್ನ ಉಣ್ಣು," ಅಂದಿದ್ದಳು ಅವಳು, ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ.

*

ಒಂದು ತಾಸಿನ ಮಾತು ಎರಡು ತಾಸಾಯಿತು. ಮೇಡಂ ಇನ್ನೂ ಹಲಸೂರು ದಾಟಿಲ್ಲ, ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದಿದ್ದಾರೆ ಅಂತ ಮಧುಕರ್ ಬಂದು ಬಂದು ಹೇಳಿದ. ಅಮೃತಮ್ಮ ರಗ್ಗಿನೊಳಗೆ ಕೈ ಹಾಕಿ ನೋಡಿದಳು. ದವಡೆ ಬಿಗಿದಿತ್ತು. ಕುತ್ತಿಗೆಯನ್ನು ಅಲ್ಲಾಡಿಸಿದರೆ ಅಷ್ಟು ಸುಲಭಕ್ಕೆ ತಿರುಗಲಿಲ್ಲ. ಇನ್ನು ಭುಜ, ಆಮೇಲೆ ಸೊಂಟ. ಸೊಂಟ ಹೋದರೆ ಮುಗಿಯಿತು.

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಸುಜಾತಾ ಕೆಲಸದ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮಧುಕರ್ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಮೇಡಂ ಬಂದು ಹೋಗುವ ತನಕ ಅತ್ತು ಕರೆದು ಮಾಡಬೇಡ, ಮಗಳು ಅಂತ ಗೊತ್ತಾದರೆ ಎಲ್ಲರ ಕಾಗದವನ್ನೂ ಕೆದಕುತ್ತಾರೆ ಅಂತ ಕೈ ಮುಗಿದು ಹೇಳಿದ್ದ. ಅವಳು ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಪಕ್ಕದಲ್ಲಿ ಬಾಣಸವಾಡಿಯಲ್ಲಿ ಆಟೊ ಓಡಿಸುವ ಜಂಗಮ ಐನೋರು. ಊರ ಕಡೆಯವರು ಯಾರು ಸತ್ತರೂ ಆಟೊ ನಿಲ್ಲಿಸಿ ವಿಭೂತಿ ಹಿಡಿದು ಬರುವವರು ಅವರೇ. ಅವರು ಅಮೃತಮ್ಮನನ್ನು ಕಿಟಕಿಯ ಹತ್ತಿರಕ್ಕೆ ಕರೆದರು.

"ಇನ್ನ ತಡ ಮಾಡಿದ್ರ ನನ್ನಿಂದ ಆಗಂಗಿಲ್ಲವ್ವ," ಅಂದರು.

ಅಮೃತಮ್ಮ ಮಂಚದ ಕಡೆ ತಿರುಗಿದಳು. ಒಂದು ಕಡೆ ಅವಳು ಕೊಟ್ಟ ಮಾತು, ಇನ್ನೊಂದು ಕಡೆ ಅವಳೇ ದಿನಾ ತೊಳೆದು ಉಣಿಸುವ ಅಷ್ಟೂ ಜನ. ಯಾರನ್ನು ಬಿಡಲಿ ಅಂತ ತಿಳಿಯಲಿಲ್ಲ. ಹಾಗೆ ನೋಡಿದರೆ ಒಂದು ದಾರಿ ಇತ್ತು. ಅದು ಬೆಳಿಗ್ಗೆಯೇ ಅವಳಿಗೆ ಹೊಳೆದಿತ್ತು, ಹೊಳೆದ ಕೂಡಲೇ ಅದರಿಂದ ಮುಖ ತಿರುಗಿಸಿದ್ದಳು.

ಆ ಮನೆಯಲ್ಲಿ ಎರಡು ಥರದ ಜನ. ಕೂತು ಉಣ್ಣುವವರು, ನಿಂತು ಬಡಿಸುವವರು. ಅಮೃತಮ್ಮ ನಿಂತವಳು. ಸೇರುವಾಗ ವಯಸ್ಸು ಐವತ್ತನಾಲ್ಕು ಅಂದಿದ್ದಳು. ಆಮೇಲೆ ಎಷ್ಟು ಯುಗಾದಿ ಬಂದು ಹೋದರೂ ಅವಳದು ಐವತ್ತನಾಲ್ಕೇ. ಮುದುಕರನ್ನು ಎತ್ತುವ ಕೆಲಸಕ್ಕೆ ಅರವತ್ತು ದಾಟಿದವರನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಹಿಂದೆ ಒಬ್ಬಳು ಆಯಾ ಬಿದ್ದು ಸೊಂಟ ಮುರಿದುಕೊಂಡ ಮೇಲೆ. ಕಾರ್ಡು ಊರಲ್ಲಿದೆ ಅಂತ ಹೇಳಿ ಹೇಳಿ ದಿನ ತಳ್ಳಿದ್ದಳು. ಮಂಚದ ಮೇಲಿನವರೆಲ್ಲ ಅವಳನ್ನು "ಏ ಹುಡುಗಿ" ಅಂತಲೇ ಕರೆಯುತ್ತಿದ್ದರು, ಅದು ಅವಳಿಗೆ ಇಷ್ಟವಾಗಿತ್ತು. ಆ ಮಂಚಗಳಿಗೂ ತನಗೂ ನಡುವೆ ಇರುವುದು ಕೈಯಲ್ಲಿರುವ ಸೌಟು ಒಂದೇ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ರಗ್ಗನ್ನು ಎಳೆದು ನೆಲಕ್ಕೆ ಹಾಕಿದಳು. ತನ್ನ ಟ್ರಂಕು ತೆಗೆದು, ಊರಲ್ಲಿದೆ ಅಂದಿದ್ದ ಆಧಾರ್ ಕಾರ್ಡನ್ನು ಸೆರಗಿಗೆ ಒರೆಸಿ, ಆಫೀಸು ರೂಮಿಗೆ ಹೋಗಿ ಮಧುಕರ್‌ನ ಮೇಜಿನ ಮೇಲೆ ಇಟ್ಟಳು.

"ಇಪ್ಪತ್ತೈದನೇ ತಲಿ ನಂದು ಹಚ್ಕೊಳ್ರಿ."

ಅವನು ಕಾರ್ಡನ್ನು ನೋಡಿದ, ಅವಳನ್ನು ನೋಡಿದ. "ಅರವತ್ಮೂರಾ?"

"ಹೌದ್ರಿ."

"ಒಂದ್ಸಲ ಹೆಸ್ರು ಸೇರಿದ್ರೆ ಆಯಾ ಅಂತ ನಿನ್ನ ತೋರ್ಸಕ್ಕಾಗಲ್ಲ ಅಮೃತಮ್ಮ. ಸಂಬಳಾನೂ ಇರಲ್ಲ. ಯೋಚ್ನೆ ಮಾಡು."

"ಮಾಡೀನ್ರಿ. ಗೇಟ್ ತೆಗೀರಿ, ಐನೋರು ಒಳಗ ಬರ್ಲಿ."

ವರಾಂಡದ ಗೋಡೆಗೆ ಮಣೆ ಹಾಕಿದರು. ಐನೋರು ಭುಜ ಹಿಡಿದರು, ಅಮೃತಮ್ಮ ಸೊಂಟ ಹಿಡಿದಳು. ಸೊಂಟ ಬಿಗಿಯತೊಡಗಿತ್ತು. ಅವಳು ಹಸಿಬಾಣಂತಿಯ ಬೆನ್ನು ನೀವುವ ಹಾಗೆ ನೀವಿದಳು, ಬಾ ಯಪ್ಪಾ, ಕೂಡು ಯಪ್ಪಾ ಅಂತ ಪಿಸುಗುಟ್ಟಿದಳು. ಕೊನೆಗೆ ಜಟ್ಟೆಪ್ಪ ಕೂತ. ಹಣೆಗೆ ಬಟ್ಟೆ ಕಟ್ಟಿ ಕಿಟಕಿಯ ಸರಳಿಗೆ ಬಿಗಿದರು. ವಿಭೂತಿ ಬಳಿದ ಮೇಲೆ ಅವನು ಇಂದಿರಾನಗರದ ಗೇಟಿನಲ್ಲಿ ಇನ್ನೂ ಡ್ಯೂಟಿಯಲ್ಲಿರುವ ಹಾಗೆ ಕಂಡ. ಅಮೃತಮ್ಮನಿಗೆ ಆಗ ಅಳು ಬಂತು, ಅಳಲು ಹೊತ್ತಿರಲಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು.

ಮೇಡಂ ಚಿಕ್ಕ ವಯಸ್ಸಿನವಳು, ಆಗಲೇ ಬಳಲಿದ್ದಳು. ಹೆಣ ಕಂಡು ಚಪ್ಪಲಿ ಬಿಟ್ಟು ಕೈ ಮುಗಿದಳು. ಈ ಭಾಗದ ಎಲ್ಲ ಆಶ್ರಮಗಳಿಗೂ ತಾನೊಬ್ಬಳೇ, ಅರ್ಜಿ ಹಾಕುವವರು ವರ್ಷ ವರ್ಷ ಹೆಚ್ಚುತ್ತಿದ್ದಾರೆ, ಮೇಲಿಂದ ಬರುವುದು ಮಾತ್ರ ಹಿಂದೆ ಎಷ್ಟು ಬರುತ್ತಿತ್ತೋ ಅಷ್ಟೇ ಅಂತ ಮಧುಕರ್‌ಗೆ ಹೇಳುತ್ತಾ ಮಂಚಗಳನ್ನು ಎಣಿಸಿದಳು. ಜಟ್ಟೆಪ್ಪನ ಹೆಸರನ್ನು ಪಟ್ಟಿಯಿಂದ ತೆಗೆದಳು.

"ಇವ್ರ ಕಡೆಯವ್ರು ಯಾರಾದ್ರೂ ಬಂದಿದ್ದಾರಾ?" ಅಂತ ಕೇಳಿದಳು.

ಸುಜಾತಾ ಕಂಬದ ಪಕ್ಕ ನಿಂತಿದ್ದಳು. ಅವಳು ನೆಲ ನೋಡಿದಳು. ಮಧುಕರ್ ಕೂಡ ನೆಲ ನೋಡಿದ.

"ನಾವ ಅದೀವ್ರಿ," ಅಂದಳು ಅಮೃತಮ್ಮ.

ಮೇಡಂ ಹೆಚ್ಚು ಕೇಳಲಿಲ್ಲ. ಹೊಸದಾಗಿ ಸೇರಿದವರ ಫೋಟೋ ಬೇಕು ಅಂದಳು. ಅಮೃತಮ್ಮ ಹೋಗಿ ಜಟ್ಟೆಪ್ಪನ ಮಂಚದ ತುದಿಯಲ್ಲಿ ಕೂತಳು. ಹಾಸಿಗೆಯ ಮೇಲೆ ಬೆಳಗಿನ ಹಾಲಿನ ಲೋಟ ಇನ್ನೂ ಅಲ್ಲೇ ಇತ್ತು.

"ಇಲ್ಲಿ ನೋಡಿ ಅಜ್ಜಿ," ಅಂದಳು ಮೇಡಂ.

ಅಮೃತಮ್ಮ ಯಾವ ಅಜ್ಜಿ ಅಂತ ಹಿಂದೆ ತಿರುಗಿ ನೋಡಿದಳು.

ಜೀಪು ತಿರುವು ದಾಟುವವರೆಗೂ ಸುಜಾತಾ ತಡೆದುಕೊಂಡಿದ್ದಳು. ಆಮೇಲೆ ಅಪ್ಪನ ಪಾದಗಳ ಮೇಲೆ ಬಿದ್ದಳು. ಅಪ್ಪಾ ಅನ್ನುವ ಒಂದೇ ಮಾತು. ಆ ಮನೆಯಲ್ಲಿ ಅವಳು ಆ ಮಾತನ್ನು ಆಡಿದ್ದು ಅದೇ ಮೊದಲು.

*

ಕೆ.ಆರ್. ಪುರದ ಕೆರೆ ಅಂಚಿನ ಸ್ಮಶಾನದಲ್ಲಿ ಜಾಗ ಕೊಟ್ಟವರು ಮನೆಯ ಮಾಲೀಕ ಬೈಲಪ್ಪ. ಸುತ್ತಲಿನ ಹೊಲಗಳೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದದ್ದು ಅಷ್ಟೇ ನೆಲ. ಅವರು ಬೇಲಿಯ ಹತ್ತಿರ ನಿಂತು ಗುಂಡಿಯ ಅಳತೆ ನೋಡಿದರು.

"ನಾವು ಮಲಗಿಸ್ತೀವಿ, ನೀವು ಕೂರಿಸ್ತೀರಾ. ಜಾಗ ಕಮ್ಮಿ ಹಿಡಿಸ್ತದೆ ಬಿಡಿ," ಅಂದರು. ಹಾಗೆ ಅಂದವರೇ ಮೊದಲ ಹಿಡಿ ಮಣ್ಣು ಹಾಕಿ ಕಣ್ಣೊರೆಸಿಕೊಂಡರು. ಅವರಿಗೂ ಎಂಬತ್ತರ ಹತ್ತಿರ.

ಜಟ್ಟೆಪ್ಪ ಒಂದು ಕಡೆಗೂ ವಾಲದೆ ನೆಟ್ಟಗೆ ಕೂತಿದ್ದ. ಮಣ್ಣು ಎದೆಯ ತನಕ ಬರುವವರೆಗೂ ಅಮೃತಮ್ಮ ನೋಡುತ್ತ ನಿಂತಿದ್ದಳು. ಕೊಟ್ಟ ಮಾತು ಉಳಿಯಿತು ಅನ್ನುವ ಸಮಾಧಾನ ಅವಳಿಗೆ ಇತ್ತು.

ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಅಡುಗೆಮನೆಗೆ ಹೋದಳು. ಉಳಿದವರು ಉಣ್ಣದೆ ಕೂತಿದ್ದರು. ಹಜಾರದ ಗೋಡೆಯುದ್ದಕ್ಕೂ ತಟ್ಟೆ ಹಾಕಿದ್ದರು, ಜಟ್ಟೆಪ್ಪ ಕೂರುತ್ತಿದ್ದ ಜಾಗದಲ್ಲೂ ಒಂದು. ಅವಳು ಸಾರಿನ ಪಾತ್ರೆ ಎತ್ತಿ, ಸೌಟು ಹಿಡಿದು ಮೊದಲಿನವರ ಮುಂದೆ ಬಗ್ಗಿದಳು. ಹುಡುಗಿ, ನನಗೆ ಗಟ್ಟಿ ಹಾಕು ಅಂದರು ಯಾರೋ.

ಮಧುಕರ್ ಫೋನು ಹಿಡಿದು ಬಂದ. ಊಟದ ಹೊತ್ತಿನ ಫೋಟೋ ದಿನಾ ಇಲಾಖೆಗೆ ಹೋಗಬೇಕು, ಇಪ್ಪತ್ತೈದು ಮುಖವೂ ಕಾಣಬೇಕು. ಅವನಿಗೆ ಹೇಳಲು ಕಷ್ಟವಾಯಿತು. ಅವಳ ಕೈಯಿಂದ ಸೌಟು ತೆಗೆದುಕೊಂಡ, ಅಷ್ಟೇ.

ಅಮೃತಮ್ಮ ಜಟ್ಟೆಪ್ಪನ ತಟ್ಟೆಯ ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೆಳಕ್ಕೆ ಜಾರಿದಳು. ದಿನವಿಡೀ ನಿಂತ ಕಾಲುಗಳು ಮಡಚಲಿಲ್ಲ, ನೇರವಾಗಿ ತಟ್ಟೆಯ ತನಕ ಚಾಚಿಕೊಂಡವು. ಎಲ್ಲರೂ ಕಾಯುತ್ತಿದ್ದರು. ಅವಳು ಎಡ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ನಿಧಾನವಾಗಿ ಬಗ್ಗಿಸಿದಳು.