ಒಳಜ್ವರ

ಓದುವ ಹುಡುಗಿಯರು ಅರ್ಧಕ್ಕೆ ಬಿಟ್ಟುಹೋಗುತ್ತಾರೆಂದು, ಜಯನಗರದ ಬ್ಲೌಸ್ ಪೀಸ್ ಅಂಗಡಿಯ ಚಿದಾನಂದ್ ಅಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ಕೆಲಸಕ್ಕಿದ್ದ ವನಿತಾ, ನರ್ಸಿಂಗ್ ಸೇರಲು ಸಂಜೆ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದುದನ್ನು ಅವರಿಗೆ ಹೇಳಿರಲಿಲ್ಲ. ಅಂದು ಎರಡು ಗಂಟೆಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ತಪ್ಪಿದರೆ ವರ್ಷವೇ ಹೋದಂತೆ.

"ಸಾರ್, ಜ್ವರ. ಮನೆಗೆ ಹೋಗ್ತೀನಿ," ಎಂದಳು.

"ಜ್ವರ ಇಟ್ಕೊಂಡು ಬಸ್ಸಲ್ಲಿ ಹೋಗ್ತೀಯಾ? ಹತ್ತಮ್ಮ ಸ್ಕೂಟರ್!"

ಎಂದೂ ಗಲ್ಲಾ ಬಿಟ್ಟೇಳದ ಚಿದಾನಂದ್ ಅಂದು ಎದ್ದರು. ಮನೆಯ ಬದಲು ನೇರವಾಗಿ ಕ್ಲಿನಿಕ್ಕಿಗೇ ಕರೆದೊಯ್ದರು. ಅಲ್ಲಿ ಜನವೋ ಜನ. ವನಿತಾ ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಳು. ಒಂದೂವರೆಗೆ ನರ್ಸ್ ಅವಳ ನಾಡಿ ಹಿಡಿದರು.

"ಮೈ ಬಿಸಿ ಇಲ್ಲ ಸಾರ್. ಆದ್ರೆ ಎದೆ ಸಿಕ್ಕಾಪಟ್ಟೆ ಹೊಡ್ಕೋತಿದೆ."

"ಒಳಜ್ವರ ಇರ್ಬೇಕು ಸಿಸ್ಟರ್. ಏನೇನ್ ಟೆಸ್ಟ್ ಬೇಕೋ ಎಲ್ಲಾ ಮಾಡ್ಸಿ."

ವನಿತಾಗೆ ಇನ್ನು ತಡೆಯಲಾಗಲಿಲ್ಲ. ಕೆಲಸ ಹೋದರೂ ಸರಿ ಎಂದುಕೊಂಡು ಬಾಯಿಬಿಟ್ಟಳು. "ಸಾರ್, ನಂಗೇನೂ ಆಗಿಲ್ಲ. ಎರಡು ಗಂಟೆಗೆ ಕೆಮಿಸ್ಟ್ರಿ ಪರೀಕ್ಷೆ ಇದೆ. ನಾನು ನರ್ಸ್ ಆಗ್ಬೇಕು, ಬಿಟ್ಬಿಡಿ!"

ಚಿದಾನಂದರ ಮುಖ ಬಿಳಿಚಿಕೊಂಡಿತು.

"ಬಡಬಡಿಸ್ತಿದಾಳೆ ಸಿಸ್ಟರ್, ಜ್ವರ ತಲೆಗೇರ್ಬಿಟ್ಟಿದೆ! ಬೇಗ ಮಲಗಿಸಿ, ಗಟ್ಟಿಯಾಗಿ ಹಿಡ್ಕೊಳ್ಳಿ."